ಖಾಲಿ ಜಾಗದಲ್ಲಿ ಜೇನು–ಚಿಟ್ಟೆಗಳ ತೋಟ: ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಮಸ್ಕಾರ ಸರ್. ನಾವು ಬಾಗಲಕೋಟೆಯ ನವನಗರದವರು. ನಮ್ಮ ಸ್ತ್ರೀಶಕ್ತಿ ಸಂಘದವರೆಲ್ಲ ಸೇರಿ, ಓಣಿಯ ಮಗ್ಗುಲಿಗಿರುವ ಖಾಲಿ ಜಾಗದಲ್ಲಿ ನಮ್ಮ ಕಡೆಯ ಗಿಡಗಳನ್ನೇ ಬೆಳೆಸಿ ಜೇನು, ದುಂಬಿ, ಚಿಟ್ಟೆಗಳಿಗೆ ಆಸರೆ ಮಾಡಬೇಕೆಂದಿದ್ದೇವೆ. ಜಾಗ ಗರಸು ನೆಲ. ನಲ್ಲಿ ನೀರು ದಿನಾಲೂ ಬರುವುದಿಲ್ಲ. ಸಂಘದ ಬಳಿ 20,000 ರೂಪಾಯಿ ಇದೆ. ಜೇನುಪೆಟ್ಟಿಗೆ ತರೋಣ ಎಂದು ಕೆಲವರು, ನರ್ಸರಿಯಿಂದ ಹೂವಿನ ಗಿಡ ತರೋಣ ಎಂದು ಕೆಲವರು ಹೇಳುತ್ತಾರೆ. ಈ ನಡುವೆ ನೀರಿನ ಟ್ಯಾಂಕಿನ ಕೆಳಗೆ ಹೆಜ್ಜೇನು ಕಟ್ಟಿದೆ. ಅದನ್ನು ಸುಡಿಸಲೇಬೇಕೆಂದು ಅಕ್ಕಪಕ್ಕದವರ ಒತ್ತಾಯ. ಎಲ್ಲಿಂದ ಶುರು ಮಾಡಬೇಕು?
— ಓದುಗರೊಬ್ಬರು, ನವನಗರ

ಉತ್ತರ: ಹೆಜ್ಜೇನಿನ ಮಾತನ್ನು ಮೊದಲು ಮುಗಿಸೋಣ. ಉಳಿದದ್ದಕ್ಕೆ ಮಳೆಗಾಲದವರೆಗೆ ಸಮಯವಿದೆ, ಅದಕ್ಕಿಲ್ಲ.

ದಯವಿಟ್ಟು ಸುಡಿಸಬೇಡಿ. ಹೆಜ್ಜೇನು ಒಂದೇ ಕಡೆ ವರ್ಷವಿಡೀ ಕೂರುವ ಜೇನಲ್ಲ. ಸುತ್ತಲಿನ ಹೊಲಗಳಲ್ಲಿ ಹೂವು ತುಂಬಿದಾಗ ಬರುತ್ತದೆ, ಹೂವು ಮುಗಿದು ಬಿಸಿಲು ಏರಿದಾಗ ಮೇಣದ ಹಲ್ಲೆಯನ್ನು ಖಾಲಿ ಬಿಟ್ಟು ತಾನಾಗಿಯೇ ಎದ್ದು ಹೋಗುತ್ತದೆ. ಮರುವರ್ಷ ಅದೇ ಜಾಗಕ್ಕೆ ಬರುವುದೂ ಅದರ ರೂಢಿ. ಆದ್ದರಿಂದ ಈ ವರ್ಷ ಸುಟ್ಟರೆ ಸಾವಿರಾರು ಹುಳುಗಳು ಸಾಯುತ್ತವೆಯೇ ಹೊರತು ಸಮಸ್ಯೆ ತೀರುವುದಿಲ್ಲ. ಮೇಲಾಗಿ, ಬೆಂಕಿಯಿಂದ ತಪ್ಪಿಸಿಕೊಂಡ ಹುಳುಗಳು ರೊಚ್ಚಿಗೆದ್ದು ದಾರಿಯಲ್ಲಿ ಹೋಗುವವರನ್ನು ಕಚ್ಚುತ್ತವೆ. ಹೆಜ್ಜೇನಿನ ದಾಳಿಯ ಸುದ್ದಿಗಳನ್ನು ಗಮನಿಸಿ ನೋಡಿ: ಕಲ್ಲು, ಹೊಗೆ, ಪಟಾಕಿ, ಇಲ್ಲವೇ ಗೂಡಿಗೆ ಎರಗಿದ ಗಿಡುಗ, ಇವುಗಳಲ್ಲಿ ಒಂದಾದರೂ ಹಿಂದೆ ಇರುತ್ತದೆ. ಟ್ಯಾಂಕಿನ ಕೆಳಗೆ ಮಕ್ಕಳು ಆಡದಂತೆ ಹಗ್ಗ ಕಟ್ಟಿ, ಒಂದು ಫಲಕ ಹಾಕಿ. ಗೂಡು ಶಾಲೆಯ ಬಾಗಿಲಿಗೋ ಆಸ್ಪತ್ರೆಯ ಮೆಟ್ಟಿಲಿಗೋ ತೀರಾ ಹತ್ತಿರವಿದ್ದರೆ ಮಾತ್ರ ಅರಣ್ಯ ಇಲಾಖೆಗೆ ಅಥವಾ ಅಗ್ನಿಶಾಮಕ ಠಾಣೆಗೆ ತಿಳಿಸಿ, ಬಲ್ಲವರಿಂದ ರಾತ್ರಿ ಹೊತ್ತು ಎಬ್ಬಿಸಬೇಕು. ಹುಳು ಮೈಮೇಲೆ ಬಂದರೆ ಕೈ ಬೀಸುತ್ತ ನಿಲ್ಲಬಾರದು. ಮುಖ ಮುಚ್ಚಿಕೊಂಡು ಓಡಿ ಕೋಣೆ ಸೇರಿ ಬಾಗಿಲು ಹಾಕಬೇಕು. ಕೊಂಡಿಯನ್ನು ಕೂಡಲೇ ಉಗುರಿನಿಂದ ಕೆರೆದು ತೆಗೆಯಬೇಕು. ಹಲವು ಕಡೆ ಕಚ್ಚಿದ್ದರೆ, ಮುಖ ಬಾತರೆ, ಉಸಿರು ಕಟ್ಟಿದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು.

ಒತ್ತಾಯ ಮಾಡುವ ನೆರೆಯವರಿಗೆ ಒಂದು ಮಾತು ಹೇಳಿ. ಆ ಟ್ಯಾಂಕಿನಿಂದ ಎದ್ದ ಹುಳು ಕಿಲೋಮೀಟರುಗಟ್ಟಲೆ ಹಾರಿ ಊರಾಚೆಯ ಸೂರ್ಯಕಾಂತಿಗೂ ಬೀಜದ ಉಳ್ಳಾಗಡ್ಡಿಗೂ ಹೋಗುತ್ತದೆ. ಸೂರ್ಯಕಾಂತಿಯ ಒಂದು ತೆನೆ ಎಂದರೆ ನೂರಾರು ಸಣ್ಣ ಹೂವುಗಳ ಗುಂಪು. ಪರಾಗ ಮುಟ್ಟದ ಹೂವಿನಲ್ಲಿ ಕಾಳು ಕಟ್ಟುವುದಿಲ್ಲ, ಬರೀ ಜೊಳ್ಳು. ಜೋಳಕ್ಕೆ, ಗೋದಿಗೆ ಗಾಳಿ ಸಾಕು. ಆದರೆ ಜಗತ್ತಿನ 115 ಪ್ರಮುಖ ಆಹಾರ ಬೆಳೆಗಳಲ್ಲಿ 87 ಬೆಳೆಗಳು ಕೀಟ, ಹಕ್ಕಿ, ಬಾವಲಿಗಳಂಥ ಜೀವಿಗಳ ಪರಾಗಸ್ಪರ್ಶದಿಂದ ಪ್ರಯೋಜನ ಪಡೆಯುತ್ತವೆ ಎಂಬುದು 2007ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನದ ಲೆಕ್ಕ. ನಮ್ಮ ಜಿಲ್ಲೆಯ ದಾಳಿಂಬೆ, ಸೂರ್ಯಕಾಂತಿ, ನುಗ್ಗೆ, ಹೀರೆ, ಸೌತೆ ಎಲ್ಲವೂ ಆ ಸಾಲಿಗೆ ಸೇರಿದವು.

ಇನ್ನು ಪೆಟ್ಟಿಗೆಯ ವಿಚಾರ. ಸದ್ಯಕ್ಕೆ ಬೇಡ. ತುಡುವೆ ಜೇನು ಮಲೆನಾಡಿನ ತಂಪಿಗೆ, ಅಲ್ಲಿನ ಹೂವಿನ ಸಮೃದ್ಧಿಗೆ ಒಗ್ಗಿಕೊಂಡಷ್ಟು ನಮ್ಮ ಬಯಲಿನ ಏಪ್ರಿಲ್ ಬಿಸಿಲಿಗೆ ಒಗ್ಗುವುದಿಲ್ಲ. ಮೇವು ಕಡಿಮೆಯಾದ ದಿನ ಪೆಟ್ಟಿಗೆ ಬಿಟ್ಟು ಹೋಗುತ್ತದೆ. ಹೊರದೇಶದಿಂದ ಬಂದ ಮೆಲ್ಲಿಫೆರಾ ಜೇನನ್ನು ಸಾಕುವವರು ಹೂವು ಇದ್ದಲ್ಲಿಗೆ ಪೆಟ್ಟಿಗೆಗಳನ್ನು ಲಾರಿಯಲ್ಲಿ ಹೊತ್ತೊಯ್ಯುತ್ತಾರೆ. ಓಣಿಯ ಸಂಘಕ್ಕೆ ಅದು ಆಗುವ ಮಾತಲ್ಲ. ಜೊತೆಗೆ, ಹೂವೇ ಕಡಿಮೆಯಿರುವ ಜಾಗದಲ್ಲಿ ಹತ್ತಾರು ಸಾವಿರ ಹುಳುಗಳ ಪೆಟ್ಟಿಗೆ ತಂದಿಟ್ಟರೆ, ಮೊದಲಿನಿಂದ ಅಲ್ಲೇ ಬದುಕಿಕೊಂಡಿದ್ದ ಕಾಡುಜೇನುಗಳ ಪಾಲಿಗೆ ಕೊರತೆ ಬೀಳುತ್ತದೆ. ಮೊದಲು ಹೂವು ಬೆಳೆಸಿ. ಎರಡು ಮಳೆಗಾಲ ಕಳೆದ ಮೇಲೂ ಆಸೆ ಉಳಿದಿದ್ದರೆ ತೋಟಗಾರಿಕೆ ಇಲಾಖೆಯವರ ತರಬೇತಿ ಪಡೆದು ನೋಡಿ.

ಜೇನು ಎಂದಾಗ ನಮ್ಮ ಕಣ್ಣಿಗೆ ಕಟ್ಟುವುದು ತುಪ್ಪ ಕೊಡುವ ನಾಲ್ಕೈದು ಬಗೆಗಳು: ಹೆಜ್ಜೇನು, ತುಡುವೆ, ಕೋಲುಜೇನು, ಸೊಳ್ಳೆಗಿಂತ ತುಸು ದೊಡ್ಡದಾದ, ಕೊಂಡಿಯಿಲ್ಲದ ನಸರಿ ಜೇನು. ಆದರೆ ಭಾರತದಲ್ಲಿ ದಾಖಲಾಗಿರುವ ಜೇನುಪ್ರಭೇದಗಳು ಏಳುನೂರಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲು ಒಂಟಿಯಾಗಿ ಬದುಕುವಂಥವು. ರಾಣಿ ಇಲ್ಲ, ಹಲ್ಲೆ ಇಲ್ಲ, ತುಪ್ಪವೂ ಇಲ್ಲ. ಒಂದು ಹೆಣ್ಣು ಒಂದು ತೂತು ಹುಡುಕಿ, ಅದರಲ್ಲಿ ಪರಾಗದ ಉಂಡೆ ಕಟ್ಟಿಟ್ಟು, ಅದರ ಮೇಲೆ ಮೊಟ್ಟೆಯಿಟ್ಟು, ಬಾಯಿ ಮುಚ್ಚಿ ಹೋಗುತ್ತದೆ. ಕಾಯಬೇಕಾದ ದೊಡ್ಡ ಸಂಸಾರ ಇಲ್ಲದ್ದರಿಂದ ಇವು ಮನುಷ್ಯರ ಮೇಲೆ ಬರುವುದೂ ಅಪರೂಪ. ನಿಮ್ಮ ತೋಟ ಮುಖ್ಯವಾಗಿ ಇವುಗಳಿಗಾಗಿ ಎಂದುಕೊಳ್ಳಿ. ಸಣ್ಣ ಜೇನುಗಳ ಓಡಾಟ ಗೂಡಿನಿಂದ ನೂರಿನ್ನೂರು ಮೀಟರು, ಹೆಚ್ಚೆಂದರೆ ಅರ್ಧ ಕಿಲೋಮೀಟರು. ಹೆಜ್ಜೇನಿನಂತೆ ಮೇವು ತೀರಿದ ಕೂಡಲೇ ಗಂಟುಮೂಟೆ ಕಟ್ಟಿ ಇನ್ನೊಂದು ಸೀಮೆಗೆ ಹೋಗುವ ಶಕ್ತಿ ಇವಕ್ಕಿಲ್ಲ.

ನಾನು ಹೇಳಬೇಕಾದ ಮುಖ್ಯ ಮಾತು ಇದರಿಂದಲೇ ಹುಟ್ಟುತ್ತದೆ. ಒಂದು ತಿಂಗಳು ಬಣ್ಣಬಣ್ಣವಾಗಿ ಅರಳಿ ಹನ್ನೊಂದು ತಿಂಗಳು ಒಣಗಿ ನಿಲ್ಲುವ ತೋಟದಿಂದ ಈ ಜೀವಿಗಳಿಗೆ ಪ್ರಯೋಜನ ಕಡಿಮೆ. ಅರ್ಧ ಕಿಲೋಮೀಟರಿನ ಒಳಗೆ ವರ್ಷದ ಯಾವ ತಿಂಗಳಲ್ಲೂ ಏನಾದರೊಂದು ಹೂವು ಇರಬೇಕು. ಇದು ಒಂದು ಮನೆಯವರಿಂದ ಆಗದು. ಓಣಿ ಸೇರಿದರೆ ಆಗುತ್ತದೆ. ನಿಮ್ಮ ಸಂಘ ಕೈಹಾಕಿರುವುದು ಸರಿಯಾದ ಕೆಲಸಕ್ಕೆ, ಸರಿಯಾದ ಅಳತೆಯಲ್ಲಿ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮ ಕಡೆಯ ಹೂವಿನ ವರ್ಷ ಹೇಗಿರುತ್ತದೆ ನೋಡಿ. ಮಳೆ ಬಿದ್ದ ಮೇಲೆ, ಆಗಸ್ಟಿನಿಂದ ಅಕ್ಟೋಬರಿನವರೆಗೆ ಮೇವಿಗೆ ಬರವಿಲ್ಲ: ತುಂಬೆ, ನೆಗ್ಗಿಲು, ಬಾರಿ, ತಂಗಡಿ, ಹೊಲದಲ್ಲಿ ಎಳ್ಳು, ಸೂರ್ಯಕಾಂತಿ. ಚಳಿಗಾಲಕ್ಕೆ ತೊಗರಿ, ಗುರೆಳ್ಳು, ಕುಸುಬೆ. ಫೆಬ್ರುವರಿ–ಮಾರ್ಚಿನಲ್ಲಿ ಮುತ್ತುಗ, ಅದರ ಬೆನ್ನಿಗೆ ಬೇವು, ಹೊಂಗೆ, ಕವಳಿ. ಕಷ್ಟ ಶುರುವಾಗುವುದು ಮೇ ತಿಂಗಳಲ್ಲಿ. ಹೊಲ ಬರಿದು, ಕಸವೆಲ್ಲ ಒಣಗಿ ಹೋಗಿದೆ, ಮುಂಗಾರು ಬಿದ್ದರೂ ಹೊಸ ಗಿಡ ಹೂಬಿಡಲು ಜುಲೈ ದಾಟಬೇಕು. ಈ ಎರಡು–ಎರಡೂವರೆ ತಿಂಗಳು ದಾಟಿಸುವುದು ಹುಣಸೆ, ಕಕ್ಕೆ, ಲಕ್ಕಿ, ನುಗ್ಗೆ, ಮತ್ತು ಮನೆಯಂಗಳದಲ್ಲಿ ನೀರುಂಡ ತುಳಸಿ, ಕಾಮಕಸ್ತೂರಿ. ಹಾಗಾಗಿ ಗಿಡ ಆರಿಸುವಾಗ ಮೇ–ಜೂನ್‌ನಿಂದ ಹಿಂದಕ್ಕೆ ಎಣಿಸಿ. ಜಾಗದ ಬೇಲಿಗುಂಟ ಲಕ್ಕಿ ಮತ್ತು ಕವಳಿ, ಎರಡು ಮೂಲೆಗೆ ಹುಣಸೆ ಮತ್ತು ಕಕ್ಕೆ, ಇನ್ನೊಂದಕ್ಕೆ ಹೊಂಗೆ, ಗೋಡೆಯ ಬದಿ ನುಗ್ಗೆ. ಲಕ್ಕಿಯನ್ನು ದನ–ಆಡು ಮೇಯುವುದಿಲ್ಲ, ಮಳೆಗಾಲದಲ್ಲಿ ಕಡ್ಡಿ ಚುಚ್ಚಿದರೆ ಸಾಕು. ಬಾರಿ ಗಿಡ ಒಂದಾದರೂ ಇರಲಿ. ಅದರ ಹಸಿರು–ಹಳದಿ ಪುಟ್ಟ ಹೂವಿಗೆ ನೊಣ, ಕಣಜ, ಸಣ್ಣ ಜೇನು ಎಲ್ಲವೂ ಮುತ್ತುತ್ತವೆ. ಸಂಕ್ರಾಂತಿಗೆ ಮಕ್ಕಳ ತಲೆಯ ಮೇಲೆ ಎರೆಯಲು ಹಣ್ಣು ಪೇಟೆಯಿಂದ ತರುವುದೂ ತಪ್ಪುತ್ತದೆ.

ನೆಲಮಟ್ಟಕ್ಕೆ ತಂಗಡಿಗಿಂತ ಒಳ್ಳೆಯ ಗಿಡವನ್ನು ನಾನು ಹೇಳಲಾರೆ. ಗರಸು ನೆಲ ಅದರ ತವರು, ನೀರು ಕೇಳುವುದಿಲ್ಲ, ಆಡು ಮುಟ್ಟುವುದಿಲ್ಲ. ಅದರ ಹಳದಿ ಹೂವಿನಲ್ಲಿ ಮಕರಂದವಿಲ್ಲ. ಪರಾಗವೂ ಸುಲಭಕ್ಕೆ ಸಿಗದು: ಕೇಸರದ ತುದಿಯಲ್ಲಿರುವ ಸಣ್ಣ ರಂಧ್ರದ ಒಳಗೆ ಅಡಗಿರುತ್ತದೆ. ಬೆಳಗ್ಗೆ ಬಿಸಿಲೇರುವ ಮುನ್ನ ಒಂದು ಪೊದೆಯ ಮುಂದೆ ನಿಂತು ನೋಡಿ. ಕಪ್ಪು ಬಡಗಿ ದುಂಬಿ ಬರುತ್ತದೆ, ಕೇಸರಗಳನ್ನು ಕಾಲಿನಿಂದ ಬಿಗಿಯಾಗಿ ಹಿಡಿಯುತ್ತದೆ, ರೆಕ್ಕೆ ಮಡಚಿಕೊಂಡೇ ಎದೆಯ ಸ್ನಾಯುಗಳನ್ನು ಅದುರಿಸುತ್ತದೆ. ಹಾರುವಾಗ ಇದ್ದ ಗುಂಯ್‌ಗುಡುವಿಕೆ ಒಮ್ಮೆಲೇ ಮೇಲಿನ ಸ್ವರಕ್ಕೆ ಏರುವುದು ಕಿವಿಗೆ ಕೇಳುತ್ತದೆ. ಹೂವಿನಿಂದ ಹಳದಿ ಪುಡಿ ಉದುರಿ ಅದರ ಹೊಟ್ಟೆಗೆ ಮೆತ್ತಿಕೊಳ್ಳುತ್ತದೆ. ಪೆಟ್ಟಿಗೆಯ ಜೇನಿಗೆ ಈ ವಿದ್ಯೆ ಗೊತ್ತಿಲ್ಲ. ನಿಮ್ಮ ಹಿತ್ತಲಿನ ಮುಳಗಾಯಿ, ಟೊಮೆಟೊ ಹೂವುಗಳ ರಚನೆಯೂ ಹೀಗೆಯೇ. ಅವು ತಮ್ಮಷ್ಟಕ್ಕೆ ಒಂದಿಷ್ಟು ಕಾಯಿ ಕಟ್ಟುತ್ತವೆ. ಬಡಗಿ ದುಂಬಿ ಮತ್ತು ನೀಲಿ ಪಟ್ಟೆಯ ಜೇನು ಬಂದು ಅದುರಿಸಿದರೆ ಹೆಚ್ಚು ಕಟ್ಟುತ್ತವೆ. ನುಗ್ಗೆಗೂ ಬಡಗಿ ದುಂಬಿಯೇ ಮುಖ್ಯ ನೆಂಟ. ಸಂಘದ ಸಭೆಯಲ್ಲಿ ಭಾಷಣ ಮಾಡುವ ಬದಲು ಒಮ್ಮೆ ಎಲ್ಲರನ್ನೂ ಹೂಬಿಟ್ಟ ತಂಗಡಿಯ ಬಳಿಗೆ ಕರೆದೊಯ್ಯಿರಿ. ಪೆಟ್ಟಿಗೆ ಬೇಕೇ ಬೇಡವೇ ಎಂಬ ಚರ್ಚೆ ಅಲ್ಲೇ ಬಗೆಹರಿಯುತ್ತದೆ.

ಹೂವಿನಷ್ಟೇ ಗೂಡೂ ಮುಖ್ಯ. ಇದನ್ನು ಹೆಚ್ಚಿನವರು ಮರೆಯುತ್ತಾರೆ. ಜೇನುಪ್ರಭೇದಗಳಲ್ಲಿ ಹತ್ತಕ್ಕೆ ಸುಮಾರು ಏಳು ನೆಲದೊಳಗೆ ಗೂಡು ಮಾಡುವಂಥವು. ಜಾಗ ಚೆಂದ ಕಾಣಲೆಂದು ಅಂಚಿನಿಂದ ಅಂಚಿಗೆ ಸಿಮೆಂಟ್ ಬಿಲ್ಲೆ ಹಾಸಿದರೆ, ಹುಲ್ಲುಹಾಸು ಹೊದಿಸಿದರೆ ಅವುಗಳ ಮನೆಬಾಗಿಲು ಮುಚ್ಚಿದಂತೆ. ನಿಮ್ಮ ಜಾಗದ ಒಂದು ಮೂಲೆಯಲ್ಲಿ, ಬಿಸಿಲು ಬೀಳುವ, ನೀರು ನಿಲ್ಲದ ಕಡೆ, ಒಂದು ಕೋಣೆಯಷ್ಟು ನೆಲವನ್ನು ಬರಿದಾಗಿ ಬಿಡಿ. ಅಗೆಯಬೇಡಿ, ನೀರು ಹಾಕಬೇಡಿ. ಪೆನ್ಸಿಲ್ ಗಾತ್ರದ ತೂತುಗಳು, ಸುತ್ತ ಸಣ್ಣ ಮಣ್ಣಿನ ಗುಡ್ಡೆ ಕಂಡರೆ ಇರುವೆ ಎಂದು ಪುಡಿ ಹಾಕುವ ಮುನ್ನ ಸ್ವಲ್ಪ ಹೊತ್ತು ಕಾದು ನೋಡಿ. ನೀಲಿ ಪಟ್ಟೆಯ ಜೇನಿಗೆ ಹಳೆಯ ಮಣ್ಣಿನ ಗೋಡೆ ಎಂದರೆ ಪ್ರಾಣ. ನಮ್ಮ ಹಳ್ಳಿಗಳ ಮೇಲ್ಮುದ್ದೆ ಮನೆಗಳು ಆರ್‌ಸಿಸಿ ಆಗುತ್ತಿರುವಲ್ಲೆಲ್ಲ ಅದರ ನೆಲೆಯೂ ಕರಗುತ್ತಿದೆ. ನೀವು ಮೊಣಕಾಲೆತ್ತರದ ಒಂದು ಮಣ್ಣಿನ ಮೋಟುಗೋಡೆ ಕಟ್ಟಿ, ಮೇಲೆ ಹಂಚು ಹೊದಿಸಿ ಬಿಟ್ಟರೆ ಅದೇ ಅದಕ್ಕೊಂದು ಆಸರೆ. ಬಡಗಿ ದುಂಬಿಗೆ ಒಣಗಿದ ಮರದ ತುಂಡು, ಹಳೆಯ ಜಂತಿ ಸಾಕು. ಎಲೆ ಕತ್ತರಿಸುವ ಜೇನುಗಳಿಗೆ ಗೇಣುದ್ದದ ಬಿದಿರಿನ ತುಂಡುಗಳನ್ನು, ಒಂದು ತುದಿ ಗಿಣ್ಣಿನಿಂದ ಮುಚ್ಚಿರುವಂತೆ ಕತ್ತರಿಸಿ, ಕಟ್ಟು ಮಾಡಿ, ಮಳೆ ತಾಗದ ಸೂರಿನಡಿ ತೂಗುಹಾಕಿ. ಒಂದೇ ದೊಡ್ಡ ಕಟ್ಟಿನ ಬದಲು ಸಣ್ಣಸಣ್ಣವು ನಾಲ್ಕು ಕಡೆ ಇರಲಿ. ಒಂದೇ ಕಡೆ ಗುಂಪುಗೂಡಿದರೆ ಪರೋಪಜೀವಿ ಹುಳುಗಳ ಕಾಟ ಹೆಚ್ಚು.

ಈ ಎಲೆ ಕತ್ತರಿಸುವ ಜೇನಿನ ಬಗ್ಗೆ ಇನ್ನೊಂದು ಮಾತು. ಗುಲಾಬಿಯ ಎಲೆ, ತೊಗರಿಯ ಎಲೆಯ ಅಂಚಿನಲ್ಲಿ ಕತ್ತರಿಯಿಂದ ಕತ್ತರಿಸಿದಷ್ಟು ನಯವಾದ ಅರ್ಧವೃತ್ತ ಕಂಡರೆ ಅದು ರೋಗವೂ ಅಲ್ಲ, ಎಲೆ ತಿನ್ನುವ ಹುಳುವಿನ ಕೆಲಸವೂ ಅಲ್ಲ. ಆ ತುಂಡನ್ನು ಈ ಜೇನು ಸುರುಳಿ ಸುತ್ತಿ ಮರಿಗೆ ತೊಟ್ಟಿಲು ಮಾಡಿದೆ. ತೊಗರಿಯ ಹೂವಿಗೆ ಬರುವ ಮುಖ್ಯ ಅತಿಥಿಗಳಲ್ಲಿ ಅದೂ ಒಂದು. ಎಲೆ ಹೋಯಿತೆಂದು ಔಷಧಿ ಹೊಡೆದರೆ ಹೂವಿನ ಕೆಲಸಗಾರನೇ ಸಾಯುತ್ತಾನೆ.

ಚಿಟ್ಟೆ ಬೇಕೆಂದವರು ಹುಳುವನ್ನು ಸಹಿಸಬೇಕು. ಇದರಲ್ಲಿ ರಾಜಿಯಿಲ್ಲ. ಕರಿಬೇವು, ನಿಂಬೆ ಗಿಡದ ಎಲೆಯ ಮೇಲೆ ಹಕ್ಕಿ ಹಿಕ್ಕೆಯಂತೆ ಕಪ್ಪು–ಬಿಳಿಯಾಗಿ ಅಂಟಿಕೊಂಡಿರುವುದು ನಿಂಬೆ ಚಿಟ್ಟೆಯ ಎಳೆಯ ಮರಿ. ಬೆಳೆದ ಮೇಲೆ ಹಸಿರಾಗುತ್ತದೆ, ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕೊಂಬು ಚಾಚಿ ವಾಸನೆ ಬಿಡುತ್ತದೆ. ಇಂಡಿ ಕಡೆಯ ನಿಂಬೆ ಬೆಳೆಗಾರರಿಗೆ ಎಳೆಯ ಸಸಿಯಲ್ಲಿ ಅದು ಪೀಡೆಯೇ ಸರಿ, ಅವರ ಕಷ್ಟ ಬೇರೆ. ನಿಮ್ಮ ಜಾಗದಲ್ಲಿ ಮಾತ್ರ ಒಂದು ಕರಿಬೇವಿನ ಗಿಡವನ್ನು ಅದಕ್ಕೆಂದೇ ಬಿಟ್ಟುಕೊಡಿ. ಎಕ್ಕೆಯ ಎಲೆಯನ್ನು ತಿಂದು ಬೆಳೆಯುವುದು ಕೇಸರಿ ಬಣ್ಣದ ಹುಲಿಚಿಟ್ಟೆ. ತಂಗಡಿ, ಕಕ್ಕೆಯ ಎಲೆಗಳು ಬೆಳ್ಳಗೆ, ತಿಳಿಹಳದಿಯಾಗಿ ಹಿಂಡುಹಿಂಡಾಗಿ ಹಾರುವ ವಲಸೆ ಚಿಟ್ಟೆಗಳಿಗೆ ಆಹಾರ. ಎಕ್ಕೆಯ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಆದ್ದರಿಂದ ಅದನ್ನು ಮಕ್ಕಳು ಆಡುವ ಕಡೆಯಿಂದ ದೂರ ನೆಡಿ.

ನರ್ಸರಿಯ ಹೂವಿನ ಗಿಡಗಳನ್ನು ನಾನು ಪೂರ್ತಿ ಬೇಡವೆನ್ನುವುದಿಲ್ಲ. ಆದರೆ ದಳದ ಮೇಲೆ ದಳ ಜೋಡಿಸಿದಂತಿರುವ ತಳಿಗಳಲ್ಲಿ ಕೇಸರಗಳೇ ದಳಗಳಾಗಿರುತ್ತವೆ. ಜೇನು ಬಂದು ಹುಡುಕಾಡಿ ಬರಿಗೈಯಲ್ಲಿ ಹೋಗುತ್ತದೆ. ಚಿಟ್ಟೆ ಬರುತ್ತದೆಂದು ಲಂಟಾನಾ ನೆಡಬೇಡಿ, ಅದು ಹಬ್ಬಿದಲ್ಲಿ ಬೇರೇನನ್ನೂ ಬೆಳೆಯಗೊಡುವುದಿಲ್ಲ. ಬಳ್ಳಾರಿ ಜಾಲಿಯದು ತೊಡಕಿನ ವಿಷಯ. ಅದೂ ಹೊರಗಿನದೇ, ನೆಲವನ್ನು ನುಂಗುವಂಥದ್ದೇ. ಆದರೂ ಬರಗಾಲದಲ್ಲಿ ಅದರ ಹೂವಿನ ಮೇಲೆ ಜೇನು ಬದುಕುತ್ತಿರುತ್ತದೆ. ನಿಮ್ಮ ಜಾಗದಲ್ಲಿ ಈಗಾಗಲೇ ಇದ್ದರೆ ಒಂದೇ ದಿನ ಜೆಸಿಬಿ ತಂದು ಬುಡಸಹಿತ ಕೀಳಿಸದೆ, ಹೊಸ ಗಿಡಗಳು ಹೂಬಿಡಲು ತೊಡಗಿದಂತೆ ಒಂದೊಂದಾಗಿ ತೆಗೆಯಿರಿ.

ಕೆಲಸದ ಕಾಲವನ್ನು ಇಂಗ್ಲಿಷ್ ತಾರೀಕಿಗೆ ಕಟ್ಟಿಹಾಕಬೇಡಿ. ಮೇ 20 ವಿಶ್ವ ಜೇನು ದಿನ. 2018ರಿಂದ ವಿಶ್ವಸಂಸ್ಥೆ ಆಚರಿಸುತ್ತಿದೆ. ಆ ದಿನ ಬಾಗಲಕೋಟೆಯಲ್ಲಿ ಸಸಿ ನೆಟ್ಟರೆ ಫೋಟೊ ಉಳಿಯುತ್ತದೆ, ಸಸಿ ಉಳಿಯುವುದಿಲ್ಲ. ಅಂದು ನೀರಿನ ತಟ್ಟೆಗಳನ್ನಿಡಿ: ಆಳವಿಲ್ಲದ ಮಣ್ಣಿನ ತಟ್ಟೆ, ಒಳಗೆ ನೀರಿನ ಮಟ್ಟಕ್ಕಿಂತ ಮೇಲೆದ್ದ ಹರಳುಕಲ್ಲುಗಳು, ಜೇನು ಅದರ ಮೇಲೆ ಕೂತು ಕುಡಿಯಲಿ. ಸೊಳ್ಳೆಯಾಗದಂತೆ ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ ಬದಲಿಸಬೇಕು. ನೆಡುವ ಕೆಲಸಕ್ಕೆ ಕಾರ ಹುಣ್ಣಿಮೆಯಿಂದ ಮಣ್ಣೆತ್ತಿನ ಅಮವಾಸ್ಯೆಯವರೆಗಿನ ಹದವೇ ಸರಿ. ಒಂದೆರಡು ಒಳ್ಳೆಯ ಮಳೆ ಬಿದ್ದು ನೆಲ ನೆನೆದಿರಬೇಕು, ಅಷ್ಟೇ. ಮಕ್ಕಳು ಎತ್ತು ಮಾಡಲು ಮಣ್ಣು ಕಲಸಿದಾಗ ಉಳಿದ ಮಣ್ಣಿಗೆ ಗೊಬ್ಬರ ಸೇರಿಸಿ ತಂಗಡಿ, ಬಾರಿ ಬೀಜಗಳ ಉಂಡೆ ಕಟ್ಟಿಸಿ. ತಂಗಡಿ ಬೀಜದ ಸಿಪ್ಪೆ ಗಟ್ಟಿ. ಬಿಸಿನೀರಿನಲ್ಲಿ ಒಂದು ರಾತ್ರಿ ನೆನೆಸಿಡಬೇಕು. ಬೇವಿನ ಬೀಜ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ, ಆರಿಸಿ ತಂದ ಕೂಡಲೇ ಊರಬೇಕು. ತುಂಬೆಯ ಬೀಜವನ್ನು ಮಣ್ಣಿನಲ್ಲಿ ಹೂಳದೆ ಮೇಲೆಯೇ ಚೆಲ್ಲಿ. ಎಳ್ಳ ಅಮವಾಸ್ಯೆಗೆ ಚರಗ ಚೆಲ್ಲಲು ಊರಿಗೆ ಹೋದವರು ಹೊಲದ ಬದುವಿನಿಂದ ಬೀಜ ಆರಿಸಿ ತರಲಿ; ಮುಖ್ಯ ಬೆಳೆಯ ನಡುವೆ ಅಕ್ಕಡಿ ಸಾಲಾಗಿ ಬಿತ್ತುವ ಗುರೆಳ್ಳು, ಪುಂಡಿ, ಕುಸುಬೆಯ ಹಿಡಿಬೀಜವೂ ಬರಲಿ. ದುಡ್ಡು ಕೊಟ್ಟು ತಂದ ಬೀಜಕ್ಕಿಂತ ನಮ್ಮ ನೆಲಕ್ಕೆ ಒಗ್ಗಿದ ಬೀಜ ಮೇಲು.

ಜಾಗ ನಗರಸಭೆಯದೋ ಪ್ರಾಧಿಕಾರದ್ದೋ ವಿಚಾರಿಸಿ, ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ. ಇಲ್ಲದಿದ್ದರೆ ಹಬ್ಬದ ಮುನ್ನಾದಿನ ಸ್ವಚ್ಛತೆಗೆಂದು ಬಂದವರು ತುಂಬೆಯನ್ನೆಲ್ಲ ಕಸವೆಂದು ಕಿತ್ತು ಹಾಕುತ್ತಾರೆ. ಅವರ ತಪ್ಪೇನಿಲ್ಲ, ಅವರಿಗೆ ಯಾರೂ ಹೇಳಿರುವುದಿಲ್ಲ. ಗಿಡಗಳ ಹೆಸರಿನ ಫಲಕ ಹಾಕಿ, ಕೆಲಸಗಾರರನ್ನು ಕರೆದು ತೋರಿಸಿ. ಸೊಳ್ಳೆಗೆ ಹೊಗೆ ಹೊಡೆಯುವವರಿಗೆ, ಜೇನು ಗೂಡು ಸೇರಿದ ಮೇಲೆ, ಕತ್ತಲಾದ ನಂತರ ಹೊಡೆಯುವಂತೆ ಮನವಿ ಕೊಡಿ. ಡೆಂಗಿ ಸೊಳ್ಳೆಗೆ ಹೊಗೆಗಿಂತ ಮನೆಮನೆಯ ತೊಟ್ಟಿ, ಡ್ರಮ್ ತಿಕ್ಕಿ ತೊಳೆಯುವುದೇ ಸರಿಯಾದ ಮದ್ದು, ಅದನ್ನು ನಿಮ್ಮ ಸಂಘವೇ ವಾರಕ್ಕೊಮ್ಮೆ ಮಾಡಿಸಬಹುದು. ಓಣಿಯ ಎಲ್ಲರಿಂದ ಒಂದೇ ಒಂದು ಮಾತು ಪಡೆಯಿರಿ: ಹೂಬಿಟ್ಟ ಗಿಡಕ್ಕೆ ಔಷಧಿ ಹೊಡೆಯುವುದಿಲ್ಲ.

ಬಂದವರ ಲೆಕ್ಕ ಇಡಿ. ತಿಂಗಳಿಗೊಮ್ಮೆ, ಬಿಸಿಲಿರುವ ಬೆಳಗ್ಗೆ, ಒಂದೇ ಪೊದೆಯ ಮುಂದೆ ಹತ್ತು ನಿಮಿಷ ನಿಂತು ಯಾವುದು ಎಷ್ಟು ಬಂತೆಂದು ನೋಟ್‌ಬುಕ್ಕಿನಲ್ಲಿ ಗೀಟು ಎಳೆಯುವುದು ಏಳನೇ ತರಗತಿಯ ಮಕ್ಕಳಿಗೂ ಆಗುವ ಕೆಲಸ. ಹೆಸರು ತಿಳಿಯದ ಹುಳುವಿನ ಫೋಟೊ ತೆಗೆದಿಟ್ಟುಕೊಳ್ಳಿ. ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ನಿಮ್ಮ ನವನಗರದ ಉದ್ಯಾನಗಿರಿಯಲ್ಲೇ ಇದೆ, ಅಲ್ಲಿಯ ಕೀಟಶಾಸ್ತ್ರದವರನ್ನು ಕೇಳಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಒಂದು ವರ್ಷದ ಲೆಕ್ಕವನ್ನು ಅವರಿಗೆ ಕೊಟ್ಟು ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಸೇರಿಸಲು ಕೇಳಿ. ಮುಂದೊಂದು ದಿನ ಆ ಜಾಗಕ್ಕೆ ಬೇರೆ ಯೋಜನೆ ಬಂದಾಗ ನಿಮ್ಮ ಕೈಯಲ್ಲಿ ಕಾಗದವಿರುತ್ತದೆ.

ಕೊನೆಗೆ ಆ 20,000 ರೂಪಾಯಿ. ಬೀಜ, ಕಡ್ಡಿಗಳು ಪುಕ್ಕಟೆ ಸಿಗುತ್ತವೆ. ಅರಣ್ಯ ಇಲಾಖೆಯ ಸಸ್ಯಪಾಲನಾ ಕೇಂದ್ರದಲ್ಲಿ ಹೊಂಗೆ, ಹುಣಸೆಯ ಸಸಿಗಳನ್ನು ವಿಚಾರಿಸಿ. ದುಡ್ಡಿನ ಹೆಚ್ಚಿನ ಪಾಲನ್ನು ಬೇಲಿಗೆ ಮತ್ತು ನೀರಿನ ಡ್ರಮ್ಮುಗಳಿಗೆ ಹಾಕಿ, ಒಂದು ಭಾಗವನ್ನು ಮುಟ್ಟದೆ ಎರಡನೆಯ ಬೇಸಿಗೆಗೆ ಉಳಿಸಿ. ಮೊದಲ ಬೇಸಿಗೆಯಲ್ಲಿ ಎಲ್ಲರಿಗೂ ಹುರುಪಿರುತ್ತದೆ. ಸಸಿಗಳು ಸಾಯುವುದು ಎರಡನೆಯದರಲ್ಲಿ, ಮಕ್ಕಳಿಗೆ ರಜೆ ಬಂದು ಮನೆಮಂದಿಯೆಲ್ಲ ತವರಿಗೆ ಹೋದಾಗ. ಮರವಾಗುವ ಸಸಿಗಳಿಗೆ ಬುಡದಲ್ಲಿ ತೂತಿರುವ ಹಳೆಯ ಕೊಡವನ್ನು ಪಕ್ಕದಲ್ಲಿ ಹೂತು, ತೂತಿಗೆ ಬತ್ತಿ ಹಾಕಿ ನೀರು ತುಂಬಿಸಿ. ನಾಲ್ಕೈದು ದಿನಕ್ಕೊಮ್ಮೆ ತುಂಬಿದರೂ ನಡೆಯುತ್ತದೆ. ಯಾವ ಸಸಿ ಯಾವ ಮನೆಯದು, ಅವರು ಊರಿಗೆ ಹೋದಾಗ ಕೊಡ ತುಂಬುವವರು ಯಾರು ಎಂಬುದನ್ನು ಮಾರ್ಚ್ ತಿಂಗಳ ಸಭೆಯಲ್ಲೇ ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ.